ಆ ಕೈ ಯಾರದು?

ನಮ್ಮ ಪಕ್ಕದ ಮನೆ ತಾತನೂ ಅವರ ಭಾವಮೈದುನನೂ ಮಾತು ಬಿಟ್ಟು ಮೂರು ವಾರವಾಗಿತ್ತು. ಆಸ್ತಿಗಲ್ಲ. ಫುಟ್‌ಬಾಲಿಗೂ ಅಲ್ಲ, ನಾವಿರುವ ಮ್ಯಾಂಚೆಸ್ಟರ್ ಪಕ್ಕದ ಸ್ಟ್ರೆಟ್‌ಫರ್ಡ್‌ನಲ್ಲಿ ಆ ಕಾರಣಕ್ಕೆ ಮುಖ ತಿರುಗಿಸಿಕೊಂಡು ಓಡಾಡುವವರು ಬೇಕಾದಷ್ಟು ಜನ ಇದ್ದರೂ. ಇವರ ಜಗಳ ಒಬ್ಬ ಹಾಡುಗಾರನ ಪಕ್ಕದಲ್ಲಿ ನಿಂತವರ ಬಗ್ಗೆ.

ಹಾಡುಗಾರ ಮಾರಿಸ್ಸಿ. ಮ್ಯಾಂಚೆಸ್ಟರಿಗೆ ಬಂದ ಹೊಸತರಲ್ಲಿ ತಾತ ಈ ಹೆಸರು ಎತ್ತಿದಾಗಲೆಲ್ಲ ಮಾರಿಸನ್ಸ್ ಸೂಪರ್‌ಮಾರ್ಕೆಟ್ಟಿನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡು ತಲೆಯಾಡಿಸುತ್ತಿದ್ದೆ. ಆಮೇಲೆ ಗೊತ್ತಾಯಿತು, ಆತ ಇದೇ ಏರಿಯಾದ ಹುಡುಗ. 1982ರಲ್ಲಿ ಗಿಟಾರ್ ನುಡಿಸುವ ಹದಿನೆಂಟು ವರ್ಷದ ಜಾನಿ ಮಾರ್ ಇಲ್ಲಿನ ಕಿಂಗ್ಸ್ ರಸ್ತೆಯಲ್ಲಿದ್ದ ಅವನ ಮನೆಯ ಬಾಗಿಲು ತಟ್ಟಿದನಂತೆ. ಸಾಹಿತ್ಯ ನಿನ್ನದು, ರಾಗ ನನ್ನದು ಅಂತ ಶುರುವಾದ ಜೋಡಿ ಅದು. ಬಾಸ್‌ಗೆ ಆಂಡಿ ರೂರ್ಕ್, ಡ್ರಮ್ಸ್‌ಗೆ ಮೈಕ್ ಜಾಯ್ಸ್ ಸೇರಿ ದಿ ಸ್ಮಿತ್ಸ್ ಬ್ಯಾಂಡ್ ಆಯಿತು. ನಾಲ್ಕು ಸ್ಟುಡಿಯೊ ಆಲ್ಬಂ. 1987ಕ್ಕೆ ಎಲ್ಲ ಮುಗಿದುಹೋಯಿತು.

ಮುಗಿದದ್ದು ಅವರಿಗೆ. ತಾತನಿಗೆ ಎಲ್ಲಿ ಮುಗಿಯುತ್ತದೆ? ಮಾರ್ ಬಿಟ್ಟ ದಿನವೇ ಮಾರಿಸ್ಸಿಯ ಕಥೆ ಮುಗಿಯಿತು, ಆಮೇಲಿನದೆಲ್ಲ ಬರೀ ಗಂಟಲು ಅನ್ನುವುದು ಅವರ ವಾದ. ಭಾವಮೈದುನ ಇದನ್ನು ಒಪ್ಪುವ ಪೈಕಿಯಲ್ಲ. ಮಾರ್ ಇದ್ದದ್ದು ಐದು ವರ್ಷ, 1991ರಲ್ಲಿ ಬಂದ ಗಿಟಾರಿನ ಬಾಜ್ ಬೂರರ್ ಕಾಲು ಶತಮಾನಕ್ಕೂ ಮಿಕ್ಕಿ ಜೊತೆಗಿದ್ದ, ಅವನೂ ಅಲೆನ್ ವೈಟೂ ರಾಗ ಕಟ್ಟಿಕೊಡದಿದ್ದರೆ 1994ರ 'ವಾಕ್ಸ್‌ಹಾಲ್ ಅಂಡ್ ಐ' ಆಲ್ಬಂ ಎಲ್ಲಿರುತ್ತಿತ್ತು, ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಲಿಲ್ಲವೇ ಅಂತ ಅವರು. ನಡುವೆ ವಿನಿ ರೈಲಿಯ ಪ್ರಕರಣ ಬೇರೆ. ಮಾರಿಸ್ಸಿಯ 1988ರ ಮೊದಲ ಸೋಲೊ ಆಲ್ಬಂನಲ್ಲಿ ರಾಗಗಳೆಲ್ಲ ಅದರ ನಿರ್ಮಾಪಕ ಸ್ಟೀಫನ್ ಸ್ಟ್ರೀಟ್ ಹೆಸರಿನಲ್ಲಿವೆ, ಗಿಟಾರ್ ನುಡಿಸಿದ್ದು ರೈಲಿ. ಅದರಲ್ಲಿ ಬಹುಪಾಲು ಸಂಗೀತ ನನ್ನದೇ ಅಂತ ರೈಲಿ ಆಮೇಲೆ ಹೇಳಿಕೊಂಡ, ಸ್ಟ್ರೀಟ್ ಒಪ್ಪಲಿಲ್ಲ. ಅಂದಿನ ಮಾತು ಇಂದಿಗೂ ಈ ಬೇಲಿಯ ಎರಡೂ ಬದಿಯಲ್ಲಿ ಬಿಸಿಯಾಗಿಯೇ ಇದೆ.

ಹೋದ ಶನಿವಾರ ಕಸದ ನೀಲಿ ಡಬ್ಬಿ ಒಳಗೆಳೆದುಕೊಳ್ಳಲು ಹೊರಗೆ ಬಂದವಳು ಸಿಕ್ಕಿಬಿದ್ದೆ. ಭಾವಮೈದುನ ಅಕ್ಕನನ್ನು ನೋಡಲು ಬಂದಿದ್ದರು. ಇಬ್ಬರೂ ಗೇಟಿನ ಆಚೆ ಈಚೆ ನಿಂತು ನನ್ನ ಮೂಲಕ ಜಗಳವಾಡತೊಡಗಿದರು. "ಅವನಿಗೆ ಹೇಳಿ, ಬೂರರ್ ಸಂಬಳಕ್ಕಿದ್ದ ಆಳು" ಅಂತ ಇವರು. "ಇವರಿಗೆ ಹೇಳಿ, ಸಂಬಳಕ್ಕಿದ್ದವರು ಅಷ್ಟು ವರ್ಷ ಇರಲ್ಲ" ಅಂತ ಅವರು. ಮುನಿಸಿಕೊಂಡಾಗ ನಮ್ಮಜ್ಜ ಕಂಬಕ್ಕೆ, "ಊಟಕ್ಕೆ ಹಾಕ್ತಾರಂತಾ ಕೇಳು" ಅನ್ನುತ್ತಿದ್ದರು. ಆ ಕಂಬದ ಪಾತ್ರ ನನಗೆ. ನಗು ತಡೆದುಕೊಳ್ಳುವುದೇ ಕಷ್ಟವಾಯಿತು.

ಅವರಿಬ್ಬರೂ ಒಪ್ಪುವ ವಿಷಯ ಒಂದೇ, ಕೋರ್ಟ್ ಕೇಸು. ಬ್ಯಾಂಡಿನ ಆದಾಯದಲ್ಲಿ ಮಾರಿಸ್ಸಿ, ಮಾರ್ ಇಬ್ಬರಿಗೂ ನಲವತ್ತು ನಲವತ್ತು, ರೂರ್ಕ್, ಜಾಯ್ಸ್‌ಗೆ ಹತ್ತು ಹತ್ತು ಪರ್ಸೆಂಟ್. ರೂರ್ಕ್ ಕೈಯಲ್ಲಿ ಕಾಸಿಲ್ಲದೆ 83,000 ಪೌಂಡಿಗೆ ರಾಜಿಯಾದ. ಜಾಯ್ಸ್ ಹೈಕೋರ್ಟಿನವರೆಗೂ ಹೋಗಿ 1996ರಲ್ಲಿ ಗೆದ್ದ, ಸಮಪಾಲು, ಇಪ್ಪತ್ತೈದು ಪರ್ಸೆಂಟ್. ಮಾರ್ ಭಕ್ತರಾದ ತಾತ ಕೂಡ ಇಲ್ಲಿ ಮಾತ್ರ ಜಾಯ್ಸ್ ಕಡೆಗೆ. "ಡ್ರಮ್ಸ್ ಇಲ್ಲದೆ ಹಾಡು ಎದ್ದು ನಿಲ್ಲುತ್ತಿತ್ತಾ?" ಅಂತಾರೆ. 2023ರಲ್ಲಿ ರೂರ್ಕ್ ತೀರಿಕೊಂಡಾಗ ಈ ಮನುಷ್ಯ ಎರಡು ದಿನ ಬಾಗಿಲು ತೆಗೆದಿರಲಿಲ್ಲ. ಬಾಸ್ ನುಡಿಸುವವನಿಗಾಗಿ!

ವಿಷಯ ಬದಲಾಯಿಸೋಣ ಅಂತ ನಾನೇ ಕೆಟ್ಟೆ. ನಮ್ಮ ಕಡೆಯ ಹಾಡು ಕೇಳಿಸುತ್ತೇನೆ ಅಂತ ಫೋನ್ ತೆಗೆದೆ. ಹಾಕಿದ್ದು ಹಳೆಯ ಗಣೇಶೋತ್ಸವದ ಭಾವಗೀತೆ ಕಾರ್ಯಕ್ರಮ, ಯಾರೋ ಕ್ಯಾಸೆಟ್‌ನಿಂದ ಇಳಿಸಿಟ್ಟ ವಿಡಿಯೊ. ನಡುವೆ ಜರತಾರಿ ಶಾಲು ಹೊದ್ದ ಗಾಯಕರು, ಅವರಾಚೆ ಹಾರ್ಮೋನಿಯಂ. ಕ್ಯಾಮೆರಾ ಗಾಯಕರನ್ನು ಬಿಟ್ಟು ಅಲ್ಲಾಡುವುದಿಲ್ಲ. ನಾನು ಸಾಹಿತ್ಯದ ಅರ್ಥ ಹೇಳುತ್ತಾ ಹೋದೆ. ಇಬ್ಬರೂ ಫೋನಿನ ಮೇಲೆ ಬಗ್ಗಿ ನೋಡುತ್ತಿದ್ದರು. ಭಾವಮೈದುನ ಪರದೆಯ ಎಡತುದಿಗೆ ಬೆರಳಿಟ್ಟು ಕೇಳಿದರು:

"ಆ ಕೈ ಯಾರದು?"

ಚೌಕಟ್ಟಿನ ಅಂಚಿನಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೈ ಮಾತ್ರ ಕಾಣುತ್ತಿತ್ತು. ತಬಲಾದ ಕಪ್ಪು ಕರಣೆಯ ಮೇಲೆ ಬೆರಳು ಏಳುತ್ತಾ ಬೀಳುತ್ತಾ. ಉಂಗುರದ ಬೆರಳಿನಲ್ಲಿ ತಾಮ್ರದ ಉಂಗುರ. ಆ ಉಂಗುರ ನನಗೆ ಚೆನ್ನಾಗಿ ಗೊತ್ತು. ಆದರೆ ಈ ವಿಡಿಯೊವನ್ನು ಹತ್ತಿಪ್ಪತ್ತು ಸಲವಾದರೂ ನೋಡಿದವಳು ಅಲ್ಲೊಂದು ಕೈ ಇದೆ ಅಂತ ಗಮನಿಸಿದ್ದು ಅವತ್ತೇ.

ಅದು ನನ್ನ ಸೋದರಮಾವನದು.

ಮಾವ ಆ ಗಾಯಕರಿಗೆ ಹದಿನಾಲ್ಕು ವರ್ಷ ತಬಲಾ ನುಡಿಸಿದರು. ಗಣೇಶನ ಹಬ್ಬ ಬಂತೆಂದರೆ ತಿಂಗಳುಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ಮೆಟಡೋರ್ ಬಂದು ನಿಂತರೆ ಅತ್ತೆ ತಬಲಾಕ್ಕೂ ಅದರ ಜೋಡಿ ಡಗ್ಗಾಕ್ಕೂ ಹಳೆ ಸೀರೆಯಲ್ಲಿ ಹೊಲಿದ ಗವಸು, ಸಿಂಬಿ, ಪೌಡರ್ ಡಬ್ಬಿ, ಶ್ರುತಿ ಮಾಡುವ ಪುಟ್ಟ ಸುತ್ತಿಗೆ ಎಲ್ಲ ಎಣಿಸಿ ಕೊಡುತ್ತಿದ್ದರು. ಆ ಸುತ್ತಿಗೆ ಮುಟ್ಟಿದರೆ ನಮಗೆ ಏಟು ಬೀಳುತ್ತಿತ್ತು. ಕಾರ್ಯಕ್ರಮದ ಕೊನೆಗೆ, ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ, ಗಾಯಕರು ಮೈಕಿನಲ್ಲಿ "ತಬಲಾದಲ್ಲಿ..." ಅಂತ ಮಾವನ ಹೆಸರು ಹೇಳುತ್ತಿದ್ದರು. ಕೇಳಿಸಿಕೊಂಡು ಚಪ್ಪಾಳೆ ಹೊಡೆಯುತ್ತಿದ್ದವರು ನಾವು ಮನೆಯವರಷ್ಟೇ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕವಿ, ಗಾಯಕರು, ರಾಗಸಂಯೋಜಕರು, ಕಂಪನಿ, ಬೆಲೆ. ಬೆಲೆಗೂ ಜಾಗ ಇತ್ತು, ಮಾವನಿಗಿರಲಿಲ್ಲ.

ಆಮೇಲೆ ರಿದಮ್ ಪ್ಯಾಡ್ ಬಂತು. ಒಬ್ಬ ಹುಡುಗ, ಎರಡು ಕಡ್ಡಿ, ತಬಲಾ ಢೋಲಕ್ ಎಲ್ಲ ಅದರಲ್ಲೇ. ಮಾವನಿಗೆ ಯಾರೂ ಏನೂ ಹೇಳಲಿಲ್ಲ. ಒಂದು ವರ್ಷ ಹಬ್ಬದ ಕರಪತ್ರದಲ್ಲಿ ಹೆಸರಿರಲಿಲ್ಲ, ಮೆಟಡೋರ್ ಬರಲಿಲ್ಲ. ಕಟ್ಟಿಟ್ಟ ಗವಸು ಮೂರು ದಿನ ಜಗಲಿಯ ಮೇಲೇ ಇತ್ತು.

ಯಾರಾದರೂ ಅದಕ್ಕಾಗಿ ಜಗಳವಾಡಿದರೇ? ಆ ಗಾಯಕರ ಅಭಿಮಾನಿಗಳು ಊರೂರಲ್ಲಿದ್ದರು. ಹಳೆ ತಬಲಾದವರು ಎಲ್ಲಿ ಅಂತ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ಹೆಚ್ಚೇಕೆ, ಮುಂದಿನ ಕ್ಯಾಸೆಟ್ ಬಂದಾಗ ನಮ್ಮ ಮನೆಯಲ್ಲೇ ತಂದು ಹಾಕಿದೆವು. ಮಾವ ಬಂದಿದ್ದ ದಿನವೂ ಅದು ಓಡುತ್ತಿತ್ತು, ಅವರು ಕಾಫಿ ಕುಡಿಯುತ್ತಾ ಸುಮ್ಮನೆ ಕೇಳಿದರು. ಗಾಯಕರನ್ನು ಇಂದಿಗೂ ಅವರು "ಸರ್" ಅಂತಲೇ ಅನ್ನುವುದು.

ಪಕ್ಕವಾದ್ಯ ಅನ್ನುತ್ತೇವೆ ನಾವು. ಪಕ್ಕದಲ್ಲಿರುವುದು. ಪಿಟೀಲು ಚೌಡಯ್ಯನವರು ಹಿಂದಿನ ಸಾಲಿನವರಿಗೂ ನಾದ ಮುಟ್ಟಲಿ ಅಂತ ಏಳು ತಂತಿ ಕಟ್ಟಿಕೊಂಡರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದಿದೆ, ನಿಜ. ನಾನೇ ಇಲ್ಲಿನ ಕನ್ನಡ ಗೆಳೆಯರ ಮುಂದೆ ಅದನ್ನು ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಆದರೆ ನನ್ನಿಷ್ಟದ ಹತ್ತು ಭಾವಗೀತೆಗಳಲ್ಲಿ ಕೊಳಲು ಯಾರದು ಅಂತ ಯಾರಾದರೂ ಕೇಳಿದರೆ ಒಂದಕ್ಕೂ ಉತ್ತರ ಗೊತ್ತಿಲ್ಲ. ಈ ತಾತನಿಗೆ 1988ರಲ್ಲಿ ಯಾರು ಗಿಟಾರ್ ಹಿಡಿದಿದ್ದರು ಅಂತ ನಿದ್ದೆಯಲ್ಲೂ ಗೊತ್ತು. ಅವರ ಹುಚ್ಚು ನೋಡಿ ನಗುತ್ತಿದ್ದೆನಲ್ಲ, ಶನಿವಾರದಿಂದ ನಗು ಬರುತ್ತಿಲ್ಲ.

ನನ್ನ ಮಾವ ಅಂತ ಹೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೂರು ವಾರದಲ್ಲಿ ಮೊದಲ ಸಲ. "ಆಮೇಲೆ ಅವರ ಜಾಗಕ್ಕೆ ಯಾರು ಬಂದರು?" ಅಂತ ತಾತ ಕೇಳಿದರು. ಮೆಷೀನ್ ಅಂದೆ. ತಾತ ಒಂದು ಬೈಗುಳ ಹೇಳಿದರು. ಅದನ್ನಿಲ್ಲಿ ಬರೆಯುವಂತಿಲ್ಲ. ಭಾವಮೈದುನ, "ಮೆಷೀನ್ ವಿಷಯದಲ್ಲಿ ನೀವು ಹೇಳೋದು ಸರಿ" ಅಂತ ನೇರವಾಗಿ ಅವರಿಗೇ ಅಂದರು.

ರಾತ್ರಿ ಮಾವನಿಗೆ ವಾಟ್ಸಾಪ್ ಕರೆ ಮಾಡಿದೆ. ಅಲ್ಲಿ ಆಗಲೇ ಬೆಳಗಿನ ಜಾವ, ಅವರು ಎದ್ದಿರುತ್ತಾರೆ ಅಂತ ಗೊತ್ತು. ಇಲ್ಲಿ ಇಬ್ಬರು ನಿಮ್ಮ ಕೈ ನೋಡಿ ಹೆಸರು ಕೇಳಿದರು ಮಾವ, ಅಂದೆ. ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದಷ್ಟೇ.

"ಯಾವ ಕಾರ್ಯಕ್ರಮ ಹಾಕಿದ್ಯೇ ಪುಟ್ಟಿ?"

ಹೇಳಿದೆ.

"ಅಯ್ಯೋ, ಅದ್ಯಾಕೆ ಹಾಕ್ದೆ? ಅವತ್ತು ಮಳೆ ಬಂದು ಡಗ್ಗಾ ಶ್ರುತಿ ಇಳಿದುಬಿಟ್ಟಿತ್ತು. ಅವರಿಗೆ ಬೇರೆದ್ದು ಕೇಳಿಸು."