ಕಾಂಗರೂಗಳ ಊರಲ್ಲಿ ಹದಿನಾರು ದಿನ: ಕ್ರಿಸ್ಟಲ್ ವಾಟರ್ಸ್‌ಗೆ ಹೋಗುವವರಿಗೆ

ಮೊದಲನೇ ದಿನ ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದೆ. ಮೆಟ್ಟಿಲಿಂದ ಹತ್ತು ಹೆಜ್ಜೆ ಆಚೆ ಒಂದು ಕಾಂಗರೂ ಹುಲ್ಲು ಮೇಯುತ್ತಿತ್ತು. ಅದರ ಹೊಟ್ಟೆಯ ಚೀಲದಿಂದ ಮರಿಯ ಒಂದು ಕಾಲು ಮಾತ್ರ ಹೊರಗೆ ಬಂದಿತ್ತು. ಉದ್ದನೆಯ ಪಾದ, ಕಪ್ಪು ಉಗುರು. ತಾಯಿ ಮುಂದಕ್ಕೆ ಬಾಗಿದಾಗಲೆಲ್ಲ ಆ ಕಾಲು ಇಬ್ಬನಿ ಹುಲ್ಲಿಗೆ ತಾಗಿ ಸರಕ್ಕನೆ ಮಡಚಿಕೊಳ್ಳುತ್ತಿತ್ತು. "ರೀ, ಬೇಗ ಬನ್ನಿ ಇಲ್ಲಿ" ಅಂತ ಪಿಸುಗುಟ್ಟಿದೆ. ಇವರು ಹಲ್ಲುಜ್ಜುತ್ತಿದ್ದವರು ಹಾಗೇ ಬಂದು ನಿಂತರು. ಕಾಂಗರೂ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿತು. ಒಂದು ಕಿವಿ ತಿರುಗಿಸಿತು. ಮತ್ತೆ ಮೇಯತೊಡಗಿತು.

ಈ ಜಾಗ, ಅಂದರೆ ಕ್ರಿಸ್ಟಲ್ ವಾಟರ್ಸ್ ಅನ್ನುವ ಹಳ್ಳಿ, ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ. ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್, ಮೇರಿ ನದಿಯ ಮೇಲಿನ ಕಣಿವೆಯಲ್ಲಿ. ಒಟ್ಟು 640 ಎಕರೆ. 1980ರ ದಶಕದ ಕೊನೆಯಲ್ಲಿ ಮ್ಯಾಕ್ಸ್ ಲಿಂಡೆಗರ್ ಮತ್ತು ಅವರ ಜೊತೆಯವರು ಪರ್ಮಾಕಲ್ಚರ್ ಪದ್ಧತಿಯಲ್ಲಿ, ಅಂದರೆ ಪ್ರಕೃತಿಯ ಕ್ರಮ ನೋಡಿಕೊಂಡು ಅದಕ್ಕೆ ಹೊಂದುವಂತೆ, ಇಡೀ ಹಳ್ಳಿಯನ್ನೇ ಯೋಜಿಸಿ ಕಟ್ಟಿದರು. ಮಳೆನೀರು ಎಲ್ಲಿ ಹರಿಯುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿ ಆಮೇಲೆ ರಸ್ತೆ, ಮನೆ, ಕೆರೆ. ಮನೆ ಕಟ್ಟುವ ನಿವೇಶನಗಳು 83, ಒಂದೊಂದೂ ಹೆಚ್ಚುಕಮ್ಮಿ ಒಂದು ಎಕರೆ. ಉಳಿದ ನೆಲದಲ್ಲಿ ಬಹುಪಾಲು ಎಲ್ಲರಿಗೂ ಸೇರಿದ್ದು.

ಆದರೆ ಕಾಂಗರೂ ಮೆಟ್ಟಿಲ ಹತ್ತಿರ ಬರಲು ಮುಖ್ಯ ಕಾರಣ ಬೇರೆ. ಈ ಊರಲ್ಲಿ ನಾಯಿ, ಬೆಕ್ಕು ಸಾಕುವಂತಿಲ್ಲ. ಮೊದಲಿಂದಲೂ ಇರುವ ನಿಯಮ ಇದು. ಭೇಟಿಗೆ ಬರುವವರೂ ಕರೆತರುವಂತಿಲ್ಲ. ಒಂದೇ ಒಂದು ನಿಯಮ ಇಷ್ಟು ಕೆಲಸ ಮಾಡಬಹುದು ಅಂತ ಕಣ್ಣಾರೆ ನೋಡುವವರೆಗೆ ನನಗೆ ಗೊತ್ತಿರಲಿಲ್ಲ.

ಹೋಗಬೇಕು ಅಂದುಕೊಂಡವರಿಗೆ ನನ್ನ ಮೊದಲ ಮಾತು ಇದೇ: ಎರಡು ದಿನಕ್ಕೆ ಅಂತ ಹೋಗಬೇಡಿ. ಆಸ್ಟ್ರೇಲಿಯಾ ಪ್ರವಾಸ ಅಂದರೆ ಸಿಡ್ನಿ, ಮೆಲ್ಬರ್ನ್, ಗೋಲ್ಡ್ ಕೋಸ್ಟ್ ಅಂತ ಓಡುತ್ತೇವೆ, ಅಲ್ವಾ? ನಾವೂ ಮೊದಲು ಹಾಗೇ ಪಟ್ಟಿ ಹಾಕಿದ್ದೆವು. ಕೊನೆಗೆ ಎಲ್ಲ ಬಿಟ್ಟು ಹದಿನಾರು ದಿನ ಇಲ್ಲೇ ಇದ್ದೆವು. ಮೊದಲ ಮೂರು ದಿನ ಪ್ರಾಣಿಗಳು ಕಂಡವು, ಅಷ್ಟೆ. ನಾಲ್ಕನೇ ದಿನದಿಂದ ಯಾವುದು ಎಷ್ಟು ಹೊತ್ತಿಗೆ ಎಲ್ಲಿ ಬರುತ್ತದೆ ಅಂತ ಗೊತ್ತಾಗತೊಡಗಿತು.

ವೀಸಾ ವಿಷಯ ಸರಿಯಾಗಿ ತಿಳಿದುಕೊಂಡು ಹೋಗಿ. ಭಾರತೀಯರಿಗೆ ಸಾಮಾನ್ಯವಾಗಿ ಸಿಗುವುದು 600ನೇ ನಂಬರಿನ ವಿಸಿಟರ್ ವೀಸಾ. ಅದರ ಪತ್ರದಲ್ಲಿ 8101 ಅನ್ನುವ ಷರತ್ತು ಇರುತ್ತದೆ. ಕೆಲಸ ಮಾಡುವಂತಿಲ್ಲ ಅಂತ ಅರ್ಥ. ತೋಟದಲ್ಲಿ ದಿನಕ್ಕೆ ನಾಲ್ಕೈದು ಗಂಟೆ ದುಡಿದರೆ ಊಟ, ಮಲಗಲು ಜಾಗ ಕೊಡುವ ಏರ್ಪಾಡುಗಳು ಆಸ್ಟ್ರೇಲಿಯಾದಲ್ಲಿ ಬಹಳ ಇವೆ. ನೋಡಿದರೆ ಆಸೆಯಾಗುತ್ತದೆ. ಆದರೆ ವಿಸಿಟರ್ ವೀಸಾದಲ್ಲಿ ಅದಕ್ಕೆ ಕೈಹಾಕಬೇಡಿ, ಅಧಿಕಾರಿಗಳ ಹತ್ತಿರ ಮೊದಲು ಕೇಳಿಕೊಳ್ಳಿ. ನಾವು ಬಾಡಿಗೆ ಕೊಟ್ಟೇ ಇದ್ದೆವು. ತೋಟದಲ್ಲಿ ಕೈಯಾಡಿಸಿದ್ದು ನಮ್ಮ ಖುಷಿಗೆ. ಯಾವ ಲೆಕ್ಕವೂ ಇಲ್ಲದ್ದರಿಂದ ಮನಸ್ಸಿಗೆ ನೆಮ್ಮದಿಯೂ ಇತ್ತು.

ಇನ್ನು ಸೂಟ್‌ಕೇಸ್. ನನಗೆ ಮೆಂತ್ಯ, ಕೊತ್ತಂಬರಿ ಬೀಜ ಒಯ್ದು ಅಲ್ಲಿ ಬಿತ್ತಬೇಕು ಅಂತ ಬಹಳ ಆಸೆ ಇತ್ತು. ಬಿಟ್ಟೆ. ನೀವೂ ಬಿಡಿ. ವಿಮಾನದಲ್ಲಿ ತುಂಬುವ ಕಾರ್ಡಿನಲ್ಲಿ ಆಹಾರ, ಬೀಜ, ಗಿಡ, ಮಣ್ಣು ಎಲ್ಲದರ ಬಗ್ಗೆ ಕೇಳುತ್ತಾರೆ. ಹಿಂದಿನ 30 ದಿನದಲ್ಲಿ ಜಮೀನಿಗೆ, ಕಾಡಿಗೆ ಹೋಗಿದ್ದಿರಾ ಅಂತಲೂ ಕೇಳುತ್ತಾರೆ. ಸಂಶಯ ಇದ್ದರೆ "ಹೌದು" ಅಂತಲೇ ಗುರುತು ಹಾಕಿ. ಹೇಳಿದರೆ ಹೆಚ್ಚೆಂದರೆ ಆ ವಸ್ತು ಎತ್ತಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರ್‌ವರೆಗೂ ಹೋಗಬಹುದು. ತೋಟಕ್ಕೆ ಹಾಕುವ ಶೂ ಒಯ್ಯುವುದಾದರೆ ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಅಡಿಭಾಗದ ಸಂದಿಯನ್ನೆಲ್ಲ ತಿಕ್ಕಿ ತೊಳೆದು ಒಣಗಿಸಿ. ನಮ್ಮ ಶೂಗಳನ್ನು ಅಧಿಕಾರಿ ತಿರುಗಿಸಿ ನೋಡಿ, ಚೆನ್ನಾಗಿ ತೊಳೆದಿದ್ದೀರಿ ಅಂತ ವಾಪಸ್ ಕೊಟ್ಟರು.

ನಾವು ಹೋಗಿದ್ದು ಜುಲೈನಲ್ಲಿ. ಅಲ್ಲಿ ಆಗ ಚಳಿಗಾಲ. ನನ್ನ ಪ್ರಕಾರ ಅದೇ ಒಳ್ಳೇ ಸಮಯ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಸೆಕೆ, ಜಿಗಣೆ ಎಲ್ಲ ಜಾಸ್ತಿ. ಜುಲೈನಲ್ಲಿ ಹಗಲು ಹಿತವಾದ ಬಿಸಿಲು. ರಾತ್ರಿ ಮಾತ್ರ ಕಣಿವೆಯಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಕೆಲವು ದಿನ ಹುಲ್ಲಿನ ಮೇಲೆ ಬಿಳೀ ಹಿಮದ ಪುಡಿ ಕೂತಿರುತ್ತದೆ. ಕ್ವೀನ್ಸ್‌ಲ್ಯಾಂಡ್ ಅಂದರೆ ಬಿಸಿಲೂರು ಅಂತ ಸ್ವೆಟರ್ ಬಿಟ್ಟು ಹೋಗಬೇಡಿ.

ಬಾಡಿಗೆ ಕಾರು ಬೇಕೇ ಬೇಕು. ನಮ್ಮ ಹಾಗೆ ಅಲ್ಲೂ ಎಡಗಡೆಯೇ ಓಡಿಸುವುದು. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ಸಾಕಾಯಿತು. ಆದರೆ ಸೂರ್ಯ ಮುಳುಗಿದ ಮೇಲೆ ಓಡಿಸಬೇಡಿ. ಜುಲೈನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕಾಂಗರೂಗಳು ಮೇಯಲು ಹೊರಡುವುದು ಅದೇ ಹೊತ್ತಿಗೆ. ಎರಡನೇ ದಿನ ಮೆಲೇನಿ ಪೇಟೆಯಿಂದ ಸಾಮಾನು ತಗೊಂಡು ಬರುವಾಗ ನಮಗೆ ತಡವಾಯಿತು. ತಿರುವಿನಲ್ಲಿ ಒಂದು ವಾಲಬಿ, ಕಾಂಗರೂ ಜಾತಿಯದೇ ಚಿಕ್ಕ ಪ್ರಾಣಿ, ಛಂಗನೆ ರಸ್ತೆಗೆ ಹಾರಿತು. ಇವರು ನಿಧಾನ ಹೋಗುತ್ತಿದ್ದರಿಂದ ಕಾರು ನಿಂತಿತು. ಅದು ದಾಟಿತು ಅಂತ ಮುಂದೆ ಹೊರಡುವಷ್ಟರಲ್ಲಿ ಹಿಂದೆಯೇ ಇನ್ನೊಂದು. ಹಾಗಾಗಿ ಒಂದು ದಾಟಿದರೆ ಸ್ವಲ್ಪ ಕಾಯಿರಿ. ಬಾಡಿಗೆ ಕಾರಿನ ಕೆಲವು ಕರಾರುಗಳಲ್ಲಿ ಕತ್ತಲಾದ ಮೇಲೆ ಪ್ರಾಣಿಗೆ ಡಿಕ್ಕಿಯಾದರೆ ವಿಮೆ ಕೊಡುವುದಿಲ್ಲ ಅಂತ ಇರುತ್ತದೆ. ಸಹಿ ಹಾಕುವ ಮೊದಲು ಓದಿ. ಕಣಿವೆಯಲ್ಲಿ ನಮ್ಮ ಫೋನಿಗೆ ಸಿಗ್ನಲ್ಲೂ ಸಿಗಲಿಲ್ಲ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ.

ನಮಗೆ ಕೋಣೆ ಕೊಟ್ಟವರು ಎಪ್ಪತ್ತು ದಾಟಿದ ಅಜ್ಜಿ. ಬೆಳಿಗ್ಗೆ ಏಳಕ್ಕೆ ಗಮ್‌ಬೂಟ್ ಹಾಕಿ ತೋಟಕ್ಕಿಳಿದರೆ ಹತ್ತರವರೆಗೆ ಕೂರುತ್ತಿರಲಿಲ್ಲ. ಮೊದಲ ದಿನ ಅವರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಅರಿಶಿನದ ಪಾತಿ! ಎಲೆ ಒಣಗಿ ನೆಲಕ್ಕೆ ಬಿದ್ದಿತ್ತು, ಕೀಳುವ ಹೊತ್ತು. ಪಕ್ಕದಲ್ಲೇ ತೊಗರಿ ಗಿಡ. ಕಾಳಿಗಾಗಿ ಅಲ್ಲ, ಮಣ್ಣಿಗೆ ಸಾರಜನಕ ಕೊಡಲಿ ಅಂತ ಬೆಳೆಸುತ್ತಾರೆ. ಎತ್ತರಕ್ಕೆ ಬಂದಾಗ ಕತ್ತರಿಸಿ ಬುಡಕ್ಕೇ ಹಾಸುತ್ತಾರೆ. ಬಾಳೆ ಸಾಲಿನಲ್ಲಿ ನೆಡುವುದಿಲ್ಲ. ಒಂದು ಗುಂಡಿ ತೋಡಿ, ಅದಕ್ಕೆ ಅಡುಗೆಮನೆ ಕಸ, ಸೊಪ್ಪು ಸದೆ ಎಲ್ಲ ತುಂಬಿ, ಸುತ್ತ ದುಂಡಗೆ ಬಾಳೆ ಹಾಕುತ್ತಾರೆ. ಸ್ನಾನದ ನೀರೂ ಅಲ್ಲಿಗೇ. ಗುಂಡಿಯೊಳಗೆ ಕೈ ಇಟ್ಟು ನೋಡಿ ಅಂದರು. ಅಂಥ ಚಳಿಯ ಬೆಳಗಲ್ಲೂ ಒಳಗೆ ಬೆಚ್ಚಗಿತ್ತು.

ಅರಿಶಿನ ಕೀಳುವ ಕೆಲಸ ನಮಗೇ ಬಂತು. ಇವರು ಫೋರ್ಕ್ ಹಾಕಿ ಮಣ್ಣು ಎತ್ತುವುದು, ನಾನು ಗಡ್ಡೆ ಬಿಡಿಸಿ ಕೊಡವುದು. ನಾಲ್ಕು ದಿನ ನನ್ನ ಉಗುರು ಹಳದಿಯಾಗೇ ಇತ್ತು. ಅಜ್ಜಿಗೆ ಗಡ್ಡೆ ಬೇಯಿಸಿ ಒಣಗಿಸಿ ಪುಡಿ ಮಾಡುವ ಕ್ರಮ ಹೇಳಿಕೊಟ್ಟೆ. ಅವರು ಹಸಿಯಾಗೇ ತುರಿದು ಬಳಸುತ್ತಿದ್ದರಂತೆ.

ಕಿತ್ತ ಪಾತಿಗೆ ಕೊತ್ತಂಬರಿ ಬಿತ್ತಿ, ಮೇಲೆ ಒಣಹುಲ್ಲು ಹೊದಿಸಿ, ಸಂಜೆ ಕೈ ತೊಳೆದೆವು. ಬೆಳಿಗ್ಗೆ ನೋಡಿದರೆ ಹುಲ್ಲು ಅಷ್ಟೂ ಚೆಲ್ಲಾಪಿಲ್ಲಿ. ಪಾತಿ ನಡುವೆ ನಿಂತಿತ್ತು ಬ್ರಷ್ ಟರ್ಕಿ ಅನ್ನುವ ಹಕ್ಕಿ: ಕಪ್ಪು ಮೈ, ಬೋಳು ಕೆಂಪು ತಲೆ, ಕುತ್ತಿಗೆಗೆ ಹಳದಿ ಚೀಲ ಕಟ್ಟಿದ ಹಾಗೆ. ಒಂದೊಂದು ಕಾಲಲ್ಲಿ ಪರಪರ ಕೆರೆದು ಹಿಂದಕ್ಕೆ ಎಸೆಯುತ್ತಿತ್ತು. ನನಗೆ ಅಳುವೇ ಬಂತು. ಓಡಿಸಲು ಹೋದ ನನ್ನನ್ನು ಅಜ್ಜಿ ತಡೆದು, ಬೇಲಿಯಾಚೆ ಮರದಡಿ ಕರೆದುಕೊಂಡು ಹೋದರು. ಅಲ್ಲಿ ನನ್ನ ಎದೆಯೆತ್ತರದ ಎಲೆಗುಡ್ಡೆ. ಗಂಡು ಹಕ್ಕಿ ಒಂದೇ ಕೆರೆದು ಕೆರೆದು ಕೂಡಿಸಿದ್ದು. ಹೆಣ್ಣು ಅದರೊಳಗೆ ಮೊಟ್ಟೆ ಇಟ್ಟು ಹೋಗುತ್ತದೆ. ಕೊಳೆಯುವ ಎಲೆಯ ಕಾವಿಗೇ ಮೊಟ್ಟೆ ಒಡೆಯಬೇಕು. ಗಂಡು ಕೊಕ್ಕು ಒಳಗೆ ತೂರಿಸಿ ಶಾಖ ನೋಡುತ್ತದೆ. ಜಾಸ್ತಿಯಾದರೆ ಎಲೆ ತೆಗೆಯುತ್ತದೆ, ಕಮ್ಮಿಯಾದರೆ ಸೇರಿಸುತ್ತದೆ. 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಮರಿ ತಾನೇ ತೋಡಿಕೊಂಡು ಹೊರಗೆ ಬಂದು, ಮೊದಲ ದಿನದಿಂದಲೇ ಒಂಟಿಯಾಗಿ ಬದುಕುತ್ತದೆ. ಬಾಳೆಗುಂಡಿಯ ಬಿಸಿ ನೋಡಿದ್ದೆನಲ್ಲ, ಅದೇ ಕೆಲಸ ಈ ಹಕ್ಕಿಯದೂ. ಆಮೇಲೆ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ.

ಬ್ರಷ್ ಟರ್ಕಿಗೆ ಕಾನೂನಿನ ರಕ್ಷಣೆ ಇದೆ, ಹೊಡೆಯುವಂತಿಲ್ಲ. ಪಾತಿಯ ಮೇಲೆ ಕೋಳಿಬಲೆಯ ತಂತಿ ಮಲಗಿಸಿ, ಅಂಚಿಗೆ ಕಲ್ಲಿಟ್ಟರೆ ಸಾಕು. ಮೊಳಕೆ ತಂತಿಯ ಕಣ್ಣಿಂದ ಮೇಲೆ ಬರುತ್ತದೆ, ಹಕ್ಕಿಗೆ ಕೆರೆಯಲು ಆಗುವುದಿಲ್ಲ. ಅಲ್ಲಿನ ತೋಟಗಳೆಲ್ಲ ಹೀಗೇ. ವಾಲಬಿಗೆ ಸೊಪ್ಪು ಸಿಗದಿರಲು ಬೇಲಿ, ರಾತ್ರಿ ಮರ ಹತ್ತುವ ಪಾಸಮ್ ಅನ್ನುವ ಪ್ರಾಣಿಗೆ ಹಣ್ಣು ಸಿಗದಿರಲು ಬಲೆ. ಚೂಪು ಮೂತಿಯ ಪುಟ್ಟ ಪ್ರಾಣಿ ಬ್ಯಾಂಡಿಕೂಟ್ ಮಾತ್ರ ಬಂದರೆ ಬರಲಿ ಅನ್ನುತ್ತಾರೆ. ರಾತ್ರಿ ಬಂದು ಆಲಿಕೆಯಂಥ ತೂತು ತೋಡಿ ಗೊಣ್ಣೆಹುಳ ತಿಂದುಹೋಗುತ್ತದೆ.

ಪ್ರಾಣಿಗಳ ಹತ್ತಿರ ಹೇಗಿರಬೇಕು ಅನ್ನುವುದನ್ನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಕಾಂಗರೂಗೆ ಬ್ರೆಡ್ ಹಾಕಬೇಡಿ. ಅದರ ದವಡೆಗೆ ರೋಗ ಬರುತ್ತದೆ. ದೊಡ್ಡ ಗಂಡು ನೆಟ್ಟಗೆ ಎದ್ದು ನಿಂತು ನಿಮ್ಮನ್ನೇ ನೋಡಿದರೆ ಮೈ ಕುಗ್ಗಿಸಿ ನಿಧಾನ ಹಿಂದೆ ಸರಿಯಿರಿ. ನೆಲಕ್ಕೆ ಬಿದ್ದ ಬಾವಲಿ ಕಂಡರೆ ಪಾಪ ಅಂತ ಮುಟ್ಟಲೇಬೇಡಿ. ಅವುಗಳಲ್ಲಿ ರೇಬೀಸ್‌ನಂಥ ಲಿಸ್ಸಾವೈರಸ್ ಇರಬಹುದು. ಮನೆ ತೊಲೆಯ ಮೇಲೆ ಮಲಗುವ ಕಾರ್ಪೆಟ್ ಹೆಬ್ಬಾವಿಗೆ ವಿಷವಿಲ್ಲ, ಆದರೆ ಹುಲ್ಲಲ್ಲಿ ಈಸ್ಟರ್ನ್ ಬ್ರೌನ್ ಥರದ ಬಹಳ ವಿಷದ ಹಾವುಗಳೂ ಇವೆ. ಕಚ್ಚಿದರೆ ತೊಳೆಯಬಾರದು. ಇಡೀ ಕೈ ಅಥವಾ ಕಾಲಿಗೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲುಗಾಡದೆ ಕೂತು, ಅಲ್ಲಿನ ತುರ್ತು ನಂಬರ್ 000ಗೆ ಫೋನ್ ಮಾಡಬೇಕು. ಎರಡು ಉದ್ದನೆಯ ಬ್ಯಾಂಡೇಜ್ ಸದಾ ಚೀಲದಲ್ಲಿರಲಿ.

ನಮಗೆ ತೊಂದರೆ ಕೊಟ್ಟಿದ್ದು ಹಾವಲ್ಲ, ರಕ್ತ ಹೀರುವ ಉಣ್ಣೆ ಹುಳ. ಒಂಬತ್ತನೇ ದಿನ ಇವರ ಮೊಣಕಾಲ ಹಿಂದೆ ಎಳ್ಳಿನಷ್ಟು ಕಪ್ಪು ಚುಕ್ಕೆ. ನಾನು ಉಗುರಲ್ಲಿ ಕಿತ್ತೇಬಿಡುತ್ತಿದ್ದೆ. ಅಜ್ಜಿ ಕೈ ಹಿಡಿದುಕೊಂಡರು. ಹಿಸುಕಿದರೆ ಅದರ ವಿಷ ಮೈಗೆ ಇನ್ನಷ್ಟು ಸೇರುತ್ತದೆ, ಕೆಲವರಿಗೆ ದೊಡ್ಡ ಅಲರ್ಜಿಯೇ ಆಗುತ್ತದೆ. ಔಷಧಿ ಅಂಗಡಿಯಲ್ಲಿ ಉಣ್ಣೆಯನ್ನು ಅಲ್ಲೇ ಹೆಪ್ಪುಗಟ್ಟಿಸುವ ಸ್ಪ್ರೇ ಸಿಗುತ್ತದೆ. ಅದನ್ನು ಹೊಡೆದು, ಸತ್ತು ತಾನಾಗಿ ಉದುರುವವರೆಗೆ ಬಿಟ್ಟೆವು. ಮೆಲೇನಿಯಲ್ಲಿ ಮೊದಲ ದಿನವೇ ಈ ಸ್ಪ್ರೇ ಕೊಂಡಿಟ್ಟುಕೊಳ್ಳಿ. ಸಂಜೆ ಸ್ನಾನದ ಹೊತ್ತಿಗೆ ಒಬ್ಬರ ಮೈ ಇನ್ನೊಬ್ಬರು ನೋಡುವುದು ನಮಗೆ ಆಮೇಲೆ ರೂಢಿಯಾಯಿತು. ಪ್ರವಾಸದ ಆರೋಗ್ಯ ವಿಮೆಯಂತೂ ಮಾಡಿಸಲೇಬೇಕು.

ಊರಿನ ಜನರ ವಿಷಯಕ್ಕೆ ಬರುತ್ತೇನೆ. ಒಟ್ಟಿಗೆ ಬದುಕುವುದು ಅಂದರೆ ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅವರವರ ಮನೆ ಅವರವರದು, ದುಡಿಮೆ ಅವರವರದು. ಸೇರಿ ಮಾಡುವುದು ನೆಲದ, ನೀರಿನ, ರಸ್ತೆಯ ಕೆಲಸ. ಮನೆಗೆ ನೀರು ಬಹುಪಾಲು ಚಾವಣಿಯಿಂದ ಟ್ಯಾಂಕಿಗೆ ಹಿಡಿದ ಮಳೆನೀರು. ಹಾಗಾಗಿ ಅತಿಥಿಗಳು ಸ್ನಾನಕ್ಕೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ತಗೊಳ್ಳಬಾರದು ಅಂತ ನಮ್ಮ ಬಚ್ಚಲಲ್ಲಿ ಚೀಟಿ ಇತ್ತು. ಎರಡು ದಿನ ಕಷ್ಟ, ಆಮೇಲೆ ಸುಮ್ನೆ ಅಭ್ಯಾಸವಾಗುತ್ತದೆ. ಯಾರ ತೋಟಕ್ಕೂ ಹೇಳದೆ ಕೇಳದೆ ಹೋಗಬೇಡಿ, ಅದು ಅವರ ಮನೆ. ಕೇಳಿದರೆ ಮಾತ್ರ ಗಂಟೆಗಟ್ಟಲೆ ತೋರಿಸುತ್ತಾರೆ.

ಶನಿವಾರ ಸಂಜೆ ಊಟಕ್ಕೆ ಕರೆದವರು "ಒಂದು ಪ್ಲೇಟ್ ತನ್ನಿ" ಅಂದರು. ಆಸ್ಟ್ರೇಲಿಯಾದಲ್ಲಿ ಇದರ ಅರ್ಥ ಖಾಲಿ ತಟ್ಟೆಯಲ್ಲ, ಹಂಚಿ ತಿನ್ನಲು ಏನಾದರೂ ಮಾಡಿಕೊಂಡು ಬನ್ನಿ ಅಂತ. ಅಜ್ಜಿ ಮೊದಲೇ ಹೇಳಿದ್ದರಿಂದ ನಾನು ಚಿತ್ರಾನ್ನ ಮಾಡಿದೆ. ಪಕ್ಕದ ತೋಟದಲ್ಲೇ ಕರಿಬೇವಿನ ಮರ ಇತ್ತು, ಅರಿಶಿನ ನಾವೇ ಕಿತ್ತದ್ದು. ಒಬ್ಬರು ಬುನ್ಯಾ ಬೀಜ ಬೇಯಿಸಿ ತಂದಿದ್ದರು. ಬುನ್ಯಾ ಪೈನ್ ಮರದ ಕಾಯಿ ಹತ್ತು ಕಿಲೋವರೆಗೂ ತೂಗುತ್ತದೆ. ಬೇಸಿಗೆಯಲ್ಲಿ ಉದುರುವಾಗ ಅದರ ಕೆಳಗೆ ಯಾರೂ ನಿಲ್ಲುವುದಿಲ್ಲ. ಈ ಬೆಟ್ಟಸಾಲಿಗೆ ದೂರ ದೂರದ ಮೂಲನಿವಾಸಿ ಜನ ಬುನ್ಯಾ ಹಬ್ಬಕ್ಕೆ ಕೂಡುತ್ತಿದ್ದರಂತೆ. ಊಟಕ್ಕೆ ಮುಂಚೆ ಒಬ್ಬರು ಎದ್ದು, ಇದು ಮೊದಲು ಆ ಜನರ ನೆಲ ಅಂತ ನೆನೆದರು. ಬೀಜ ಬಾಯಿಗೆ ಹಾಕಿಕೊಂಡ ಕೂಡಲೇ ಇವರು ನನ್ನ ಕಡೆ ತಿರುಗಿ, "ಬೇಯಿಸಿದ ಹಲಸಿನ ಬೀಜ ಕಣೇ" ಅಂದರು. ಹೌದು, ಹಾಗೇ ಇತ್ತು.

ಸುತ್ತಾಟಕ್ಕೆ ಎರಡು ಜಾಗ ಸಾಕು. ಮೆಲೇನಿ ಹತ್ತಿರದ ಮೇರಿ ಕೇರ್ನ್‌ಕ್ರಾಸ್ ಕಾಡಿನಲ್ಲಿ ಪೆಡಿಮೆಲನ್ ಅನ್ನುವ ಪುಟ್ಟ ವಾಲಬಿಗಳು ಕಾಲುದಾರಿಯಲ್ಲೇ ಸಿಗುತ್ತವೆ. ಅಲ್ಲಿಂದ ಗ್ಲಾಸ್ ಹೌಸ್ ಬೆಟ್ಟಗಳೂ ಕಾಣುತ್ತವೆ. ಇನ್ನೊಂದು ಓಬಿ ಓಬಿ ಹಳ್ಳದ ದಂಡೆ, ಬಾತಿನಂಥ ಕೊಕ್ಕಿನ, ನೀರಲ್ಲಿ ಈಜುವ ಪ್ಲಾಟಿಪಸ್ ಅನ್ನುವ ಪ್ರಾಣಿಗಾಗಿ. ಬೆಳಕು ಹರಿಯುವಾಗ ಹೋಗಿ, ಮಾತಾಡದೆ ಕೂರಿ. ನಮಗೆ ಎರಡು ಬೆಳಿಗ್ಗೆ ಏನೂ ಕಾಣಲಿಲ್ಲ. ಮೂರನೇ ಬೆಳಿಗ್ಗೆ ನೀರಲ್ಲಿ ಗುಳ್ಳೆಗಳ ಸಾಲು, ಅದರ ಹಿಂದೆ ಕಂದು ಬೆನ್ನು, ಚಪ್ಪಟೆ ಕೊಕ್ಕು. ಅರ್ಧ ನಿಮಿಷ ತೇಲಿ ಮುಳುಗಿತು. ಇವರು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು.

ವಾಪಸ್ ಬರುವ ದಿನ ಮಧ್ಯಾಹ್ನ ಎರಡರೊಳಗೆ ಹೊರಡಿ, ಕತ್ತಲಿಗೆ ಮುಂಚೆ ಬ್ರಿಸ್ಬೇನ್ ಸೇರಬಹುದು. ನಾವು ಹೊರಡುವ ಮುಂಚೆ ಹಾಸಿಗೆ ಬಟ್ಟೆ ಒಗೆದು ಅಂಗಳದ ತಂತಿಗೆ ಹಾಕಿದೆವು. ಕೋಳಿಬಲೆಯ ಕಣ್ಣುಗಳಲ್ಲಿ ಕೊತ್ತಂಬರಿ ಎರಡೆರಡು ಎಲೆ ಬಿಟ್ಟಿತ್ತು. ಒದ್ದೆ ಬೆಡ್‌ಶೀಟಿನ ನೆರಳಲ್ಲಿ ಅದೇ ಕಾಂಗರೂ ಮಲಗಿತ್ತು, ಮರಿ ಚೀಲದಿಂದ ಪೂರ್ತಿ ಹೊರಗೆ ಬಂದು ತಾಯಿಯ ಕಿವಿ ಮೂಸುತ್ತಿತ್ತು.