ಕಾಡುಪಾಪದ ಗೊಂಬೆ: ಆಷಾಢದ ಕೆಲಸದ ದಿನಚರಿ

ಕಾರ ಹುಣ್ಣಿಮೆ ಕಳೆದ ಮೇಲೆ

ಆಷಾಢದಲ್ಲಿ ನಮ್ಮ ಕಡೆ ನಾಮಕರಣ, ತೊಟ್ಟಿಲ ಶಾಸ್ತ್ರ ಎಲ್ಲ ಕಡಿಮೆ. ಮಗುವಿನ ಉಡುಗೊರೆಗೆ ಬರುವ ಆರ್ಡರ್‌ಗಳೂ ಕಡಿಮೆ. ಆನೆ, ಮೊಲ, ಕರಡಿ ಹೊಲಿಯುವ ಕೈಗೆ ಒಂದಷ್ಟು ಬಿಡುವು ಸಿಗುತ್ತದೆ. ಹೊಸ ಪ್ರಾಣಿಯೊಂದನ್ನು ಶುರುವಿನಿಂದ ರೂಪಿಸಲು ನನಗೆ ಇದೇ ಒಳ್ಳೆ ಕಾಲ. ಈ ಸಲ ಕಾಡುಪಾಪ, ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್ ಅನ್ನುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ.

ತುಮಕೂರಿನವಳಾಗಿ ಇದನ್ನು ಇಷ್ಟು ದಿನ ಬಿಟ್ಟಿದ್ದೇ ಜಾಸ್ತಿ. ನಮ್ಮ ಜಿಲ್ಲೆಯ ನಾಗವಲ್ಲಿ ಸುತ್ತಮುತ್ತಲ ಮರಗಳಲ್ಲಿ ಕಾಡುಪಾಪಗಳಿವೆ. ಬೆಂಗಳೂರಿನಂಥ ಊರಲ್ಲೂ ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳಲ್ಲಿ ಉಳಿದುಕೊಂಡಿವೆ. ರಾತ್ರಿ ಹೊತ್ತು ಹುಳ ಹಿಡಿದು ತಿನ್ನುವ, ಯಾರ ತಂಟೆಗೂ ಹೋಗದ ಜೀವ. ತೂಕ ಹೆಚ್ಚೆಂದರೆ 300 ಗ್ರಾಂ ಆಸುಪಾಸು. ಆದರೂ ಅದನ್ನು ಅಪಶಕುನ ಅನ್ನುವವರಿದ್ದಾರೆ. ಮಾಟಮಂತ್ರಕ್ಕೆಂದು ಹಿಡಿದು ಹಿಂಸೆ ಕೊಡುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ, ಆನೆಗಳ ಜೊತೆ ಇದರ ಹೆಸರೂ ಇದೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈ ಯೋಚನೆ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು. "ಹಸುಗೂಸಿನ ಕೈಗೆ ಯಾರಾದ್ರೂ ಕಾಡುಪಾಪ ಕೊಡ್ತಾರೇನೇ?" ನಾನು ಕೊಡಬೇಕು ಅಂತಲೇ ಹೊರಟಿದ್ದೇನೆ. ಹಿಮಕರಡಿ, ಪೆಂಗ್ವಿನ್ ಗೊಂಬೆ ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ. ಆ ಪ್ರಾಣಿಗಳನ್ನು ನಮ್ಮ ಮಕ್ಕಳು ಮುದ್ದು ಮಾಡಿಯೇ ಬೆಳೆಯುತ್ತವೆ. ಊರ ಹೊರಗಿನ ಹುಣಸೆ ಮರದಲ್ಲಿರುವ ಪ್ರಾಣಿಗೂ ಆ ಮುದ್ದು ಸಿಗಲಿ. ಐದು ವರ್ಷ ಅದನ್ನು ಬಗಲಲ್ಲಿ ಇಟ್ಟುಕೊಂಡು ಮಲಗಿದ ಮಗು ದೊಡ್ಡದಾದ ಮೇಲೆ ಅದರ ಮೇಲೆ ಕಲ್ಲು ಎಸೆಯಲಾರದು ಎಂದು ನಾನು ನಂಬಿದ್ದೇನೆ.

ಮೃದು ಗೊಂಬೆ ಮಾಡುವವರೆಲ್ಲ ಜರ್ಮನಿಯ ಮಾರ್ಗರೆಟೆ ಸ್ಟೈಫ್ ಅವರನ್ನು ಒಮ್ಮೆ ನೆನೆಯುತ್ತಾರೆ. ಪೋಲಿಯೊದಿಂದ ಕಾಲಿನ ಬಲ ಹೋಗಿದ್ದ ಹೆಣ್ಣುಮಗಳು. 1880ರಲ್ಲಿ ಅವರು ಫೆಲ್ಟ್ ಬಟ್ಟೆಯಲ್ಲಿ ಮಾಡಿದ ಪುಟ್ಟ ಆನೆ ಸೂಜಿ ಚುಚ್ಚಿಡುವ ದಿಂಬಾಗಬೇಕಿತ್ತು. ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಂಡರು. ಹೊಸ ಗೊಂಬೆಗೆ ಕೂತಾಗಲೆಲ್ಲ ನನಗೆ ಆ ಆನೆ ನೆನಪಾಗುತ್ತದೆ. ಯಾವುದು ಗೊಂಬೆ ಅಂತ ಗೊತ್ತು ಮಾಡಿದ್ದು ಅಲ್ಲಿ ಮಕ್ಕಳೇ ಅಲ್ವಾ.

ಪ್ರಥಮ ಏಕಾದಶಿ ಹೊತ್ತಿಗೆ

ಮೊದಲು ಜೇಡಿಮಣ್ಣಿನಲ್ಲಿ ಮೈಯ ಆಕಾರ ಮಾಡಿದೆ. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಪೇಪರ್ ಟೇಪ್ ಅಂಟಿಸಿ, ಹೊಲಿಗೆ ಎಲ್ಲಿ ಬರಬೇಕೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದೆ. ಆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿ ಚಪ್ಪಟೆ ಮಾಡಿದರೆ ಅದೇ ಪ್ಯಾಟರ್ನ್, ಬಟ್ಟೆ ಕತ್ತರಿಸುವ ಅಚ್ಚು. ಉಬ್ಬಿದ ಕಡೆ ಟೇಪು ಮಲಗುವುದಿಲ್ಲ. ಅಲ್ಲಿ ಸೀಳು ಕೊಡಬೇಕು, ಆ ಸೀಳೇ ಬಟ್ಟೆಯಲ್ಲಿ ಡಾರ್ಟ್, ಅಂದರೆ ಉಬ್ಬು ಬರಲು ಮಡಿಸಿ ಹಾಕುವ ಹೊಲಿಗೆ ಆಗುತ್ತದೆ. ಕಂಪ್ಯೂಟರಿನಲ್ಲಿ ಪ್ಯಾಟರ್ನ್ ತೆಗೆಯುವ ದಾರಿಗಳೂ ಇವೆ. ನನಗೆ ಈ ಮಣ್ಣಿನ ದಾರಿಯೇ ಹಿತ. ಮಗುವಿನ ಕೈ ಎಲ್ಲಿ ಹಿಡಿಯುತ್ತದೆ ಎಂದು ನನ್ನ ಕೈಗೇ ಗೊತ್ತಾಗುತ್ತದೆ.

ಕಾಡುಪಾಪಕ್ಕೆ ಬಾಲ ಇಲ್ಲ, ಅದೊಂದು ಅನುಕೂಲ. ಎಲ್ಲ ಕಷ್ಟ ಇರುವುದು ಕೈಕಾಲಲ್ಲಿ. ನಿಜವಾದ ಪ್ರಾಣಿಯ ಕೈಕಾಲು ಕಡ್ಡಿಯ ಹಾಗೆ ಸಣ್ಣ. ಅಷ್ಟು ಸಣ್ಣ ಬಟ್ಟೆಯ ಕೊಳವೆ ಹೊಲಿದರೆ ಒಳಹೊರಗು ಮಾಡುವುದೇ ಆಗದು. ನನ್ನ ಜೊತೆ ಹೊಲಿಯುವ ಅಕ್ಕ ಮಿಷನ್ ಮುಂದೆ ಕೂತು ತಲೆ ಅಲ್ಲಾಡಿಸಿದರು. "ಇಷ್ಟು ಸಣ್ಣ ಕಾಲು ತಿರುಗಿಸೋಕಾಗಲ್ಲ ಕಣಮ್ಮ. ತಿರುಗಿಸಿದ್ರೂ ಫೈಬರ್ ಒಳಕ್ಕೋಗಲ್ಲ."

ಕೊನೆಗೆ ದಾರಿ ತೋರಿಸಿದ್ದೂ ಅವರೇ. ಕೈಕಾಲನ್ನು ಬೆರಳ ಗಾತ್ರಕ್ಕೆ ತಂದು, ಉದ್ದವನ್ನು ಮಾತ್ರ ಪ್ರಾಣಿಗೆ ತಕ್ಕ ಹಾಗೆ ಉಳಿಸಿಕೊಂಡೆವು. ಬಟ್ಟೆಯನ್ನು ನೇರ ಎಳೆಯಲ್ಲಿ ಕತ್ತರಿಸುವ ಬದಲು ಓರೆಯಾಗಿ ಕತ್ತರಿಸಿದರು. ಓರೆಯಲ್ಲಿ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ತಿರುಗಿಸುವಾಗ ಹೊಲಿಗೆ ಹರಿಯುವುದಿಲ್ಲ. ಆಸ್ಪತ್ರೆಯಲ್ಲಿ ಬಳಸುವ ಉದ್ದ ಮೂತಿಯ ಫೋರ್ಸೆಪ್ಸ್ ನಮ್ಮ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಅದರಲ್ಲಿ ಪಾದದ ತುದಿ ಹಿಡಿದು ಎಳೆದರೆ ಕಾಲು ಸಲೀಸಾಗಿ ಹೊರಗೆ ಬಂತು. ಫೈಬರನ್ನು ಚಿಕ್ಕ ಚಿಕ್ಕ ತುಣುಕು ಮಾಡಿ ಪಾದದಿಂದ ತುಂಬುತ್ತಾ ಬರಬೇಕು. ದೊಡ್ಡ ಉಂಡೆ ತುರುಕಿದರೆ ಒಳಗೆ ಗಂಟಾಗಿ ನಿಲ್ಲುತ್ತದೆ.

ಒಳಗೆ ಏನು ತುಂಬಬೇಕು ಎಂಬ ಚರ್ಚೆ ನಮ್ಮಲ್ಲಿ ಪ್ರತಿ ಹೊಸ ಗೊಂಬೆಗೂ ಬರುತ್ತದೆ. ಹತ್ತಿ ಚೆಂದ, ನಮ್ಮದೇ ನೆಲದ್ದು. ಆದರೆ ಒಗೆದರೆ ಗಂಟು ಕಟ್ಟುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಮಗು ಬಾಯಿಗಿಟ್ಟ ಗೊಂಬೆಯನ್ನು ಪದೇ ಪದೇ ಒಗೆಯಲೇಬೇಕು. ಹಾಗಾಗಿ ಮಕ್ಕಳ ಗೊಂಬೆಗೆ ಪಾಲಿಯೆಸ್ಟರ್ ಫೈಬರ್ ಅಂತ ಗಟ್ಟಿ ಮಾಡಿದ್ದೇನೆ. ಬೂರುಗದ ಹತ್ತಿ ದೊಡ್ಡವರ ದಿಂಬಿಗೆ ಇರಲಿ. ಕೆಲವರು ಗೊಂಬೆ ತೂಕವಾಗಿ ಕೂರಲಿ ಅಂತ ರಾಗಿ ಅಥವಾ ಸಾಸಿವೆ ತುಂಬಿಕೊಡಿ ಎನ್ನುತ್ತಾರೆ. ಬಾಣಂತಿ ಕೋಣೆಯ ಸಾಸಿವೆ ದಿಂಬು ನೋಡಿ ಬೆಳೆದವರು, ಕೇಳುವುದು ಸಹಜ. ನಾನು ಒಪ್ಪುವುದಿಲ್ಲ. ಹೊಲಿಗೆ ಬಿಚ್ಚಿಕೊಂಡರೆ ಕಾಳು ಸೀದಾ ಮಗುವಿನ ಬಾಯಿಗೆ. ಹುಳವೂ ಹಿಡಿಯುತ್ತದೆ.

ಹುಣ್ಣಿಮೆ ಆಸುಪಾಸು, ಕಣ್ಣಿನ ಕೆಲಸ

ಕಾಡುಪಾಪ ಎಂದರೆ ಕಣ್ಣು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಣ್ಣು ಹಾಕಿದರೆ ಹೊಳಪು ತಕ್ಷಣ ಬರುತ್ತದೆ. ಹಿಂದುಗಡೆ ವಾಷರ್ ಹಾಕಿ ಬಿಗಿ ಮಾಡುವಂಥದ್ದು, ಸೇಫ್ಟಿ ಕಣ್ಣು ಅಂತಲೇ ಮಾರುತ್ತಾರೆ. ಮೂರು ವರ್ಷದೊಳಗಿನ ಮಗುವಿಗೆ ನಾನು ಅದನ್ನೂ ಹಾಕುವುದಿಲ್ಲ. ಬಟ್ಟೆ ಸವೆದು ತೂತು ದೊಡ್ಡದಾದರೆ ವಾಷರ್ ಸಮೇತ ಕಿತ್ತು ಬರುತ್ತದೆ. ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ ಒಂದು ಚಿಕ್ಕ ಟೊಳ್ಳು ಉರುಳೆ ಇರುತ್ತದೆ, ಬಾಯಿಯ ಅಗಲ 31.7 ಮಿಲಿಮೀಟರ್. ಗೊಂಬೆಯಿಂದ ಕಿತ್ತು ಬಂದ ಯಾವುದೇ ಚೂರು ಅದರೊಳಗೆ ಪೂರ್ತಿ ಇಳಿದರೆ ಅದು ಮಗುವಿನ ಗಂಟಲಿಗೂ ಸಿಕ್ಕಿಕೊಳ್ಳಬಹುದು ಅಂತ ಲೆಕ್ಕ. ಪ್ಲಾಸ್ಟಿಕ್ ಕಣ್ಣು ಅದರಲ್ಲಿ ಆರಾಮಾಗಿ ಇಳಿಯುತ್ತದೆ.

ಆದ್ದರಿಂದ ಕಣ್ಣು ಪೂರ್ತಿ ಕಸೂತಿ. ಕಂದು ಬಣ್ಣದ ದೊಡ್ಡ ವೃತ್ತ, ಒಳಗೆ ಕಪ್ಪು ಪಾಪೆ, ಪಾಪೆಯ ಮೇಲಂಚಿನಲ್ಲಿ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಎರಡೂ ಕಣ್ಣಲ್ಲಿ ಒಂದೇ ಪಕ್ಕಕ್ಕೆ ಇದ್ದರೆ ನೋಟ ಕೂಡುತ್ತದೆ. ಕಣ್ಣ ಸುತ್ತ ಕಪ್ಪು ಪಟ್ಟಿ, ಎರಡು ಕಣ್ಣಿನ ನಡುವೆ ಹಣೆಯಿಂದ ಮೂಗಿನವರೆಗೆ ಬಿಳಿ ಗೆರೆ. ಇದು ಅಲಂಕಾರಕ್ಕೆ ನಾನು ಸೇರಿಸಿದ್ದಲ್ಲ, ಕಾಡುಪಾಪದ ಮುಖವೇ ಹಾಗೆ.

ಈ ಮುಖ ಎಳೆಗೂಸಿಗೆ ಹೇಳಿ ಮಾಡಿಸಿದಂತಿದೆ. ಹುಟ್ಟಿದ ಹೊಸದರಲ್ಲಿ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ತಿಳಿ ಗುಲಾಬಿ, ತಿಳಿ ನೀಲಿ ಅದಕ್ಕೆ ಅಷ್ಟಾಗಿ ಕಾಣದು. ಕಪ್ಪು ಬಿಳುಪು ಒಂದರ ಪಕ್ಕ ಒಂದು ಇದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಮಗುವಿನ ಉಡುಗೊರೆ ಎಂದರೆ ತಿಳಿ ಬಣ್ಣವೇ ಇರಬೇಕು ಅನ್ನುವುದು ಕೊಳ್ಳುವ ದೊಡ್ಡವರ ರುಚಿ. ನಾನು ಮಗುವಿನ ಕಡೆ.

ಕಪ್ಪು ದಾರ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡದೆ ಸೂಜಿಗೆ ಪೋಣಿಸುವುದಿಲ್ಲ. ಬೆಚ್ಚಗಿನ ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಸಿ, ಬಿಳಿ ಮಲ್ ಬಟ್ಟೆ ಮೇಲೆ ಒತ್ತಿ ಇಡುತ್ತೇನೆ. ಬೆಳಿಗ್ಗೆ ಬಟ್ಟೆ ಬೆಳ್ಳಗೇ ಇದ್ದರೆ ಸರಿ. ಗುಳೇದಗುಡ್ಡದ ಖಣದಲ್ಲಿ ಗೊಂಬೆಗೆ ಒಂದು ಶಾಲು ಹೊಲಿಯುವ ಆಸೆ ಇತ್ತು. ಕೆಂಪು ಖಣ ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬಾಯಿಗೆ ಹೋಗದ ಕಡೆ, ಉಡುಗೊರೆ ಕಟ್ಟುವ ಚೀಲಕ್ಕೆ ಅದನ್ನು ಬಳಸುತ್ತೇನೆ. ಚಿಕ್ಕಪೇಟೆಯಿಂದ ತಂದ ಬೂದು ಬಣ್ಣದ ಹತ್ತಿ ಫ್ಲಾನೆಲ್ ಮೈಗೆ ಸರಿಯಾಯಿತು. ಉದ್ದ ರೋಮದ ಬಟ್ಟೆ ಕಣ್ಣಿಗೆ ಚೆಂದ, ಆದರೆ ಮಗು ಚೀಪಿದಾಗ ಎಳೆ ಬಾಯಿಗೆ ಬರುತ್ತದೆ.

ಭೀಮನ ಅಮಾವಾಸ್ಯೆ ಹೊತ್ತಿಗೆ

ಗೊಂಬೆ ಈಗ ಗೊಂಬೆಯಾಗಿದೆ. ಇನ್ನು ಎಳೆದು ನೋಡುವ ಕೆಲಸ.

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವುದಕ್ಕೆ ವಿನಾಯಿತಿ ಇದೆ. ನನ್ನಂಥ ಚಿಕ್ಕವರು ಉಳಿದಿರುವುದು ಅದರಿಂದಲೇ. ವಿನಾಯಿತಿ ಕಾಗದಕ್ಕೆ ಸಿಕ್ಕಿದೆ, ಮಗುವಿನ ಗಂಟಲಿಗೆ ಸಿಕ್ಕಿಲ್ಲ. ಹಾಗಾಗಿ ಆಟಿಕೆ ಮಾನದಂಡ ಐಎಸ್ 9873ರಲ್ಲಿ ಹೇಳಿದ್ದನ್ನು ಮನೆಯಲ್ಲಿ ಮಾಡಲಾಗುವಷ್ಟು ಮಾಡಿ ನೋಡುತ್ತೇನೆ. ಹೊಲಿಗೆಯನ್ನು 70 ನ್ಯೂಟನ್ ಬಲದಲ್ಲಿ ಎಳೆದರೂ ಬಿಚ್ಚಬಾರದು. ಅಂದರೆ ಸುಮಾರು 7 ಕೆಜಿ ತೂಗು ಹಾಕಿದಷ್ಟು. ಗೊಂಬೆಯ ಒಂದು ಕೈ ಮೊಳೆಗೆ ಕಟ್ಟಿ, ಒಂದು ಕಾಲಿಗೆ ತೂಕ ಮಾಡಿದ ಅಕ್ಕಿ ಚೀಲ ನೇತು ಹಾಕುತ್ತೇವೆ. ಭುಜದ ಹೊಲಿಗೆ ಎರಡು ಸಾಲು ಹಾಕಿದ್ದು ಕಾಪಾಡಿತು. ಕಿವಿಯ ಹೊಲಿಗೆಗೂ ಎರಡು ಸಾಲು ಬೇಕು ಅಂತ ಬರೆದುಕೊಂಡಿದ್ದೇನೆ.

ಸೂಜಿ, ಗುಂಡುಪಿನ್ನುಗಳನ್ನು ಬೆಳಿಗ್ಗೆ ಎಣಿಸಿ ಕೊಟ್ಟು ಸಂಜೆ ಎಣಿಸಿ ತೆಗೆದಿಡುವುದು ನಮ್ಮ ನಿಯಮ. ಮುರಿದ ಸೂಜಿಯ ಎರಡೂ ತುಂಡು ಸಿಗುವವರೆಗೆ ಮಿಷನ್ ಓಡುವುದಿಲ್ಲ. ಮುಗಿದ ಗೊಂಬೆಯ ಮೇಲೆ ಅಯಸ್ಕಾಂತ ಆಡಿಸಿ ನೋಡುತ್ತೇವೆ.

ಮರಿ ಮಾಡಬೇಕೋ ಬೇಡವೋ ಅನ್ನುವುದೇ ಈ ತಿಂಗಳ ದೊಡ್ಡ ಪ್ರಶ್ನೆಯಾಗಿತ್ತು. ಕಾಡುಪಾಪದ ತಾಯಿ ಮರಿಯನ್ನು ಹೊಟ್ಟೆಗೆ ಅಪ್ಪಿಸಿಕೊಂಡು ಓಡಾಡುತ್ತದೆ. ಮರಿ ಸ್ವಲ್ಪ ಬೆಳೆದ ಮೇಲೆ ರಾತ್ರಿ ಅದನ್ನು ಒಂದು ಕೊಂಬೆಯ ಮೇಲೆ ಬಿಟ್ಟು ಹುಳ ಹುಡುಕಲು ಹೋಗುತ್ತದೆ, ಆಮೇಲೆ ಬಂದು ಕರೆದೊಯ್ಯುತ್ತದೆ. ಇಷ್ಟು ಒಳ್ಳೆ ಕಥೆ ಇರುವಾಗ ತಾಯಿಯನ್ನು ಒಂಟಿಯಾಗಿ ಕೊಡಲು ಮನಸ್ಸು ಬರಲಿಲ್ಲ. ವೆಲ್ಕ್ರೋ, ಅಯಸ್ಕಾಂತ, ಗುಂಡಿ ಯಾವುದೂ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ತಾಯಿಯ ಎರಡು ಕೈಗಳನ್ನು ಮುಂದೆ ಸೇರಿಸಿ ಹೊಲಿದೆವು. ಮರಿ ಆ ಅಪ್ಪುಗೆಯೊಳಗೆ ಬಿಗಿಯಾಗಿ ಕೂರುತ್ತದೆ. ಆ ಸುತ್ತು ಮಗುವಿನ ತಲೆ ತೂರದಷ್ಟು ಚಿಕ್ಕದು. ಮರಿ ನನ್ನ ಮುಷ್ಟಿಗಿಂತ ದೊಡ್ಡದು, ಬಾಯಿಗೆ ಹಿಡಿಸದು.

ಪ್ರತಿ ಗೊಂಬೆಯ ಜೊತೆ ಒಂದು ಚೀಟಿ ಹೋಗುತ್ತದೆ. ವರ್ಷ ತುಂಬುವವರೆಗೆ ಮಗು ಮಲಗಿರುವ ತೊಟ್ಟಿಲಲ್ಲಿ, ಹಾಸಿಗೆಯಲ್ಲಿ ಈ ಗೊಂಬೆ ಇಡಬೇಡಿ, ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಆಡಿಸಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ನಿದ್ದೆಯಲ್ಲಿ ಮೃದು ವಸ್ತು ಮುಖಕ್ಕೆ ಒತ್ತಿದರೆ ಎಳೆಗೂಸಿಗೆ ತಳ್ಳುವ ಶಕ್ತಿ ಇರುವುದಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯೂ ಇದನ್ನೇ ಹೇಳುತ್ತದೆ. ಉಡುಗೊರೆಯಲ್ಲಿ ಎಚ್ಚರಿಕೆ ಚೀಟಿ ಚೆನ್ನಾಗಿ ಕಾಣಲ್ಲ ಅಂತ ಒಬ್ಬರು ಹೇಳಿದರು. ಕಾಣದಿದ್ದರೂ ಪರವಾಗಿಲ್ಲ, ಚೀಟಿ ಇರುತ್ತದೆ. ಅದರ ಹಿಂಬದಿಯಲ್ಲಿ ಕಾಡುಪಾಪದ ಬಗ್ಗೆ ನಾಲ್ಕು ಸಾಲು. ಎಲ್ಲಿರುತ್ತದೆ, ಏನು ತಿನ್ನುತ್ತದೆ, ಕೊಂಬೆಗೆ ಕೊಂಬೆ ತಾಗುವ ಮರಸಾಲು ಅದಕ್ಕೆ ಯಾಕೆ ಬೇಕು ಅಂತ.

ಈಗ ಉಳಿದಿರುವುದು ಬೆಲೆ. ಬಟ್ಟೆ, ಫೈಬರ್, ದಾರಕ್ಕೆ ಹೆಚ್ಚು ಹೋಗುವುದಿಲ್ಲ. ಸಮಯವೆಲ್ಲ ಕಣ್ಣಿನ ಕಸೂತಿಗೆ ಹೋಗುತ್ತದೆ. ಅಕ್ಕನ ಕೂಲಿ ಕಡಿಮೆ ಮಾಡಿ ಬೆಲೆ ಇಳಿಸುವುದಿಲ್ಲ. ಬದಲಿಗೆ ತಾಯಿ ಮರಿ ಜೋಡಿ ಒಂದು ಬೆಲೆಗೆ, ಮರಿ ಮಾತ್ರ ಬೇಕೆಂದವರಿಗೆ ಕಡಿಮೆ ಬೆಲೆಗೆ ಇಡುವ ಯೋಚನೆ ಇದೆ. ಶ್ರಾವಣದ ನಾಮಕರಣಗಳಿಗೆ ಆರ್ಡರ್ ಬರಲು ಶುರುವಾಗಿದೆ, ಎಲ್ಲರೂ ಕೇಳುತ್ತಿರುವುದು ಇನ್ನೂ ಆನೆಯನ್ನೇ. ಆನೆ ಕಳಿಸುವಾಗ ಕಾಡುಪಾಪದ ಫೋಟೊ ಒಂದನ್ನು ಜೊತೆಗೆ ಹಾಕುತ್ತಿದ್ದೇನೆ. ಕಿವಿಯ ಎರಡನೇ ಸಾಲು ಹೊಲಿಗೆ ನಾಳೆ ಮುಗಿದರೆ, ಮತ್ತೊಮ್ಮೆ ಅಕ್ಕಿ ಚೀಲ ನೇತು ಹಾಕಿ ನೋಡಿ, ಮಾರಾಟದ ಮೊದಲ ಜೋಡಿಗೆ ಬಟ್ಟೆ ಕತ್ತರಿಸುತ್ತೇವೆ.