ಇಸ್ಲಾಂ ಕ್ರೈಸ್ತಧರ್ಮದಿಂದ ಒಡೆದ ಕವಲೇ?

ಇತಿಹಾಸ ಓದುವವನು ಎಂದು ಗೊತ್ತಾದ ಕೂಡಲೇ ಬಹಳ ಮಂದಿ ನನ್ನನ್ನು ಕೇಳುವ ಪ್ರಶ್ನೆ ಇದು: ಅಬ್ರಹಾಮ, ಮೋಶೆ, ಮರಿಯಾ, ಯೇಸು ಎಲ್ಲರೂ ಕುರ್‌ಆನಿನಲ್ಲಿರುವಾಗ ಇಸ್ಲಾಂ ಕ್ರೈಸ್ತಧರ್ಮದಿಂದಲೇ ಬಂದದ್ದಲ್ಲವೇ? ಅಲ್ಲ ಎಂದೇ ನನ್ನ ಉತ್ತರ. ಆದರೆ ಕ್ರೈಸ್ತರೂ ಯಹೂದಿಗಳೂ ತಲೆಮಾರುಗಳಿಂದ ಬಾಳುತ್ತಿದ್ದ ನೆಲದಲ್ಲಿ, ಅವರ ಮಾತಿಗೆ ಉತ್ತರ ಕೊಡುತ್ತಲೇ ಅದು ರೂಪುಗೊಂಡಿತು ಎಂಬುದನ್ನು ಬಿಟ್ಟರೆ ಅದರ ಹುಟ್ಟು ಅರ್ಥವಾಗುವುದಿಲ್ಲ.

ಕವಲು ಎಂಬ ಮಾತು ಹಳೆಯದು. 8ನೆಯ ಶತಮಾನದಲ್ಲಿ ಡಮಾಸ್ಕಸ್‌ನ ಸಂತ ಯೋಹಾನ ಕ್ರೈಸ್ತ ಪಾಷಂಡಮತಗಳ, ಅಂದರೆ ಚರ್ಚು ತಪ್ಪುದಾರಿಯವೆಂದು ತಳ್ಳಿದ ಪಂಥಗಳ, ಪಟ್ಟಿಯೊಂದನ್ನು ಬರೆದಾಗ ಇಸ್ಲಾಮನ್ನೂ ಅದರಲ್ಲಿ ಸೇರಿಸಿದನು. ಖಲೀಫರ ಆಡಳಿತದಲ್ಲಿ ಹಣಕಾಸು ನೋಡಿಕೊಂಡ ಮನೆತನದ ಅವನು ಮುಸ್ಲಿಮರನ್ನು ಹತ್ತಿರದಿಂದ ಬಲ್ಲವನು. ಆದರೂ ಅವನ ಕೈಯಲ್ಲಿದ್ದ ಅಳತೆಗೋಲು ತನ್ನ ಚರ್ಚಿನದು.

ಪ್ರವಾದಿ ಮುಹಮ್ಮದರಿಗೆ ಸುಮಾರು 610ರಲ್ಲಿ ಮೊದಲ ಸಂದೇಶ ಬಂದಿತೆಂದು ಹೇಳುವ ಕಾಲಕ್ಕೆ ಮಕ್ಕಾದ ಕಾಬಾ ಬಹುದೇವತೆಗಳ ಆರಾಧನೆಯ ಸ್ಥಳವಾಗಿತ್ತು. ಸುತ್ತಲಿನ ಚಿತ್ರ ಬೇರೆ. ಯಸ್ರಿಬ್‌ನಲ್ಲಿ, ಅಂದರೆ ಮುಂದಿನ ಮದೀನಾದಲ್ಲಿ, ಯಹೂದಿ ಕುಲಗಳಿದ್ದವು. ದಕ್ಷಿಣದ ನಜ್ರಾನ್, ಸಿರಿಯಾದ ಅಂಚಿನ ಘಸ್ಸಾನಿ ಅರಬರು, ಯೂಫ್ರೆಟಿಸ್ ಕಡೆಯ ಹೀರಾ, ಕೆಂಪು ಸಮುದ್ರದಾಚೆಯ ಅಬಿಸೀನಿಯಾ (ಇಂದಿನ ಇಥಿಯೋಪಿಯಾ), ಎಲ್ಲೆಡೆಯೂ ಕ್ರೈಸ್ತರಿದ್ದರು. ಆ ಕ್ರೈಸ್ತರೂ ಒಂದಾಗಿರಲಿಲ್ಲ: ಕ್ರಿಸ್ತನಲ್ಲಿ ದೈವತ್ವ ಮತ್ತು ಮನುಷ್ಯತ್ವ ಹೇಗೆ ಕೂಡಿವೆ ಎಂಬ ವಾದದಲ್ಲಿ, ಮುಖ್ಯವಾಗಿ 451ರ ಕ್ಯಾಲ್ಸಿಡನ್ ಮಹಾಸಭೆಯ ನಂತರ, ಪೂರ್ವದ ಚರ್ಚುಗಳು ಒಡೆದುಹೋಗಿದ್ದವು. ಮಕ್ಕಾದಲ್ಲಿ ಹಿಂಸೆಗೆ ಒಳಗಾದ ಮೊದಲ ಮುಸ್ಲಿಮರಲ್ಲಿ ಕೆಲವರು ಸುಮಾರು 615ರಲ್ಲಿ ಆಶ್ರಯ ಕೇಳಿದ್ದು ಅಬಿಸೀನಿಯಾದ ಕ್ರೈಸ್ತ ದೊರೆಯನ್ನು. ಅವರಲ್ಲೊಬ್ಬರಾದ ಜಾಫರ್ ಆ ನಜಾಶಿಯ (ಅಲ್ಲಿನ ದೊರೆಯ ಬಿರುದು) ಮುಂದೆ ಕುರ್‌ಆನಿನ ‘ಮರ್ಯಮ್’ (ಮರಿಯಾ) ಅಧ್ಯಾಯವನ್ನು ಓದಿದಾಗ ದೊರೆ ಕಣ್ಣೀರಿಟ್ಟನೆಂದು ಮುಸ್ಲಿಂ ಪರಂಪರೆ ಹೇಳುತ್ತದೆ.

ಈ ಸಂಬಂಧ ಎಂಥದೆಂದು ನನಗೆ ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಎರಡು ಚರ್ಮದ ಹಾಳೆಗಳು. ಇಂಗಾಲದ ಪರೀಕ್ಷೆಯ ಪ್ರಕಾರ ಆ ಚರ್ಮ 568 ಮತ್ತು 645ರ ನಡುವಿನದು. ಒಂದು ಹಾಳೆಯಲ್ಲಿ ಕುರ್‌ಆನಿನ 18ನೆಯ ಅಧ್ಯಾಯದ ಗುಹಾನಿದ್ರೆಯ ಕಥೆ ಇದೆ. ದೇವರಿಗಾಗಿ ಊರು ಬಿಟ್ಟ ಯುವಕರು ಗುಹೆಯಲ್ಲಿ ನೂರಾರು ವರ್ಷ ಮಲಗಿ ಎದ್ದ ಈ ಕಥೆಯನ್ನು ಅದಕ್ಕೂ ಮೊದಲೇ ಸುರಿಯಾನಿ ಭಾಷೆಯಲ್ಲಿ (ಕೇರಳದ ಸುರಿಯಾನಿ ಕ್ರೈಸ್ತರ ಪರಂಪರಾಗತ ಪೂಜಾಭಾಷೆಯೂ ಅದೇ) 521ರಲ್ಲಿ ತೀರಿಕೊಂಡ ಸೆರೂಗಿನ ಯಾಕೋಬ ಪದ್ಯವಾಗಿ ಹೇಳಿದ್ದನು. ಕುರ್‌ಆನ್ ಕಥೆಯನ್ನು ಹೇಳುವ ಬಗೆ ನೋಡಿ: ಕೆಲವರು ಅವರು ಮೂವರು, ನಾಲ್ಕನೆಯದು ನಾಯಿ ಎನ್ನುತ್ತಾರೆ, ಕೆಲವರು ಐವರು ಎನ್ನುತ್ತಾರೆ, ಇನ್ನು ಕೆಲವರು ಏಳು ಮಂದಿ, ಅವರ ಸಂಖ್ಯೆಯನ್ನು ನನ್ನ ಪ್ರಭುವೇ ಚೆನ್ನಾಗಿ ಬಲ್ಲ ಎಂದು ಹೇಳು. ಕೇಳುತ್ತಿದ್ದವರಿಗೆ ಕಥೆಯೂ ಗೊತ್ತಿತ್ತು, ಅದರ ಬಗ್ಗೆ ಜಗಳವೂ ಗೊತ್ತಿತ್ತು.

ಇನ್ನೊಂದು ಹಾಳೆ ‘ಮರ್ಯಮ್’ ಅಧ್ಯಾಯದ ಕೊನೆಯಿಂದ ಶುರುವಾಗುತ್ತದೆ: ಮಗನನ್ನು ಪಡೆಯುವುದು ಪರಮ ದಯಾಮಯನಿಗೆ ಸಲ್ಲದು. ಕನ್ಯೆಯಿಂದ ಹುಟ್ಟಿದ ಈಸಾರನ್ನು (ಯೇಸುವನ್ನು) ಮಸೀಹ, ಅಂದರೆ ಅಭಿಷಿಕ್ತ, ಎಂದು ಕರೆಯುವ ಗ್ರಂಥವೇ ಅವರು ದೇವರ ಮಗನೆಂಬುದನ್ನೂ ಶಿಲುಬೆಯ ಮರಣವನ್ನೂ ಒಪ್ಪುವುದಿಲ್ಲ. ಕವಲು ಎನ್ನುವವರು ಮೊದಲನೆಯ ಹಾಳೆಯನ್ನಷ್ಟೇ ಓದಿದ್ದಾರೆ, ಏನೇನೂ ಸಂಬಂಧವಿಲ್ಲ ಎನ್ನುವವರು ಎರಡನೆಯದನ್ನಷ್ಟೇ. ಮುಸ್ಲಿಮರ ನಂಬಿಕೆಯಲ್ಲಂತೂ ತೌರಾತ್ (ಮೋಶೆಯ ಗ್ರಂಥ), ಇಂಜೀಲ್ (ಯೇಸುವಿನ ಸುವಾರ್ತೆ), ಕುರ್‌ಆನ್ ಮೂರನ್ನೂ ಕೊಟ್ಟವನು ಒಬ್ಬನೇ ದೇವನಾದ್ದರಿಂದ, ಕಥೆಗಳು ಕೂಡುವುದು ಎರವಲಿನ ಗುರುತಲ್ಲ, ಮೂಲ ಒಂದೇ ಎಂಬುದರ ಗುರುತು.

ಪ್ರವಾದಿಯವರು ತೀರಿಕೊಂಡ 60 ವರ್ಷಗಳ ಮೇಲೆ, ಖಲೀಫ ಅಬ್ದುಲ್ ಮಲಿಕ್ ಜೆರುಸಲೇಮಿನಲ್ಲಿ ಕಟ್ಟಿಸಿದ ಬಂಡೆಯ ಗುಮ್ಮಟದ ಒಳಗೋಡೆಯಲ್ಲಿ ಚಿನ್ನದ ಬಣ್ಣದ ಅಕ್ಷರಗಳು ಕ್ರೈಸ್ತರನ್ನು ನೇರವಾಗಿ ಉದ್ದೇಶಿಸಿ, (ತ್ರಿತ್ವವನ್ನು ಕುರಿತು) ‘ಮೂರು’ ಎನ್ನಬೇಡಿ ಎನ್ನುತ್ತವೆ. ಅದೇ ಸಾಲಿನಲ್ಲಿ ಮುಂದೆ, ಮರ್ಯಮರ ಮಗ ಈಸಾರ ಮೇಲೆ ಅವರು ಹುಟ್ಟಿದ ದಿನ, ಸಾಯುವ ದಿನ, ಮರಳಿ ಎಬ್ಬಿಸಲ್ಪಡುವ ದಿನ ಶಾಂತಿ ಇರಲಿ ಎಂಬ ಪ್ರಾರ್ಥನೆಯೂ ಇದೆ.